ಅರಿಶಿಣದ ಕಾಗದ ಕೆಂಪಾದದ್ದು

ಹದಿನಾಲ್ಕು ಸಾವಿರ ಹೇಳಿದ್ದರು, ಹನ್ನೊಂದೂವರೆಗೆ ಇಳಿಸಿದೆ. ಗೋಕಾಕದ ನನ್ನ ಅಂಗಡಿಯ ಪಡುವಣ ಕಿಟಕಿಗೆ ಒಂದೇ ಒಂದು ಗಾಜು. ಇಷ್ಟೇಕೆಂದರೆ, ಗುಂಡಿ ಒತ್ತಿದರೆ ಅದು ನೀಲಿಯಾಗುತ್ತದೆ. ಇಳಿಬಿಸಿಲು ಗಿರಾಕಿಗಳ ಕಣ್ಣಿಗೆ ಹೊಡೆಯುವುದಿಲ್ಲ. ಹೋದ ತಿಂಗಳು ಮೊದಲ ಸಲ ಒತ್ತಿದಾಗ ಬಣ್ಣ ಅಂಚಿನಿಂದ ಮೆಲ್ಲಗೆ ನಡುವಿಗೆ ಹರಿಯಿತು. ಕರೆಂಟು ಬಣ್ಣ ಬದಲಿಸುವುದನ್ನು ನಾನು ಹಿಂದೊಮ್ಮೆ ನೋಡಿದ್ದೆ... ಮೂಡಲಗಿಯಲ್ಲಿ, ಬ್ಯಾಟರಿ ಚಾರ್ಜ್ ಮಾಡುವ ಕಾಕಾನ ಅಂಗಡಿಯಲ್ಲಿ.

ಆಗ ನನಗೆ ಇಪ್ಪತ್ತೆರಡು. ಕೈಯಲ್ಲಿದ್ದುದನ್ನೆಲ್ಲ ಹಾಕಿ ಹಳೆಯ ಮೈಕ್ ಸೆಟ್ ಕೊಂಡಿದ್ದೆ. ಆ ಸಂಜೆಯೇ ಕುಲಗೋಡದಲ್ಲೊಂದು ಮದುವೆ. ನನ್ನ ಮೊದಲ ಕೆಲಸ. ಬ್ಯಾಟರಿಯನ್ನು ಘೋಡಗೇರಿಯ ಟ್ರ್ಯಾಕ್ಟರ್ ಮಾಲೀಕರೊಬ್ಬರಿಂದ ಚೌಕಾಸಿ ಮಾಡಿ ತಂದಿದ್ದೆ. ಅಗ್ಗಕ್ಕೆ ಸಿಕ್ಕಿತೆಂಬ ಹಿಗ್ಗಿನಲ್ಲಿ ಒಂದನ್ನು ನೋಡಿರಲಿಲ್ಲ: ಖಂಡೆ ಪೂಜೆಗೆಂದು, ಅಂದರೆ ಆಯುಧ ಪೂಜೆಗೆಂದು, ಅವರು ಟ್ರ್ಯಾಕ್ಟರಿನ ಜೊತೆ ಬ್ಯಾಟರಿಗೂ, ಅದರ ಎರಡೂ ವೈರುಗಳಿಗೂ ಕೆಂಪು ಬಣ್ಣ ಬಳಿದಿದ್ದರು. ಪ್ಲಸ್ ಯಾವುದು, ಮೈನಸ್ ಯಾವುದು, ಗುರುತೇ ಇಲ್ಲ. ತಿರುವುಮುರುವಾಗಿ ಜೋಡಿಸಿದರೆ ಮೈಕ್ ಸೆಟ್ ಸುಟ್ಟೇ ಹೋಗುತ್ತಿತ್ತು. ಬ್ಯಾಟರಿ ಹೊತ್ತು ಕಾಕಾನ ಅಂಗಡಿಗೆ ಬಂದೆ.

“ಬ್ಯಾಟರಿಗಿ ಪೂಜಿ ಮಾಡ್ಯಾರೋ, ಮದವಿ ಮಾಡ್ಯಾರೋ?” ಎಂದು ಕಾಕಾ ನಕ್ಕರು. ಅವರ ಮೀಟರಿನ ಮುಳ್ಳು ಮುರಿದಿತ್ತು. ಒಳಗಿನಿಂದ ಅರಿಶಿಣ, ಉಪ್ಪು ತಂದು ನೀರಿನಲ್ಲಿ ಕದಡಿ, ಕಾಗದದ ತುಂಡೊಂದನ್ನು ಅದ್ದಿದರು.

“ಏನ್ರಿ ಕಾಕಾ, ಮಂತ್ರಾ ಹಾಕ್ತೀರೇನು? ನಂದೆಲ್ಲಾ ಇದರಾಗ ಐತ್ರಿ!”

“ಸುಮ್ನ ನೋಡೋ ತಮ್ಮಾ.”

ವೈರುಗಳ ತುದಿ ಕೆರೆದು, ಒದ್ದೆ ಕಾಗದದ ಮೇಲೆ ಒಂದಂಗುಲ ಬಿಟ್ಟು ಊರಿದರು. ಒಂದು ತುದಿಯ ಸುತ್ತ ಹಳದಿ ಕದಲಿ ಕೆಂಪಾಗತೊಡಗಿತು.

“ಇದು ಮೈನಸ್. ನನ್ನ ಮಾತ ನಂಬಬ್ಯಾಡ. ಅದಲಬದಲ ಮಾಡಿ ನೀನ ಇಟ್ ನೋಡು.”

ಇಟ್ಟೆ. ಕೆಂಪು ಆ ವೈರಿನ ಬೆನ್ನು ಹತ್ತಿಯೇ ಹೋಯಿತು. ಅದಕ್ಕೊಂದು ಕರಿದಾರ ಕಟ್ಟಿಕೊಟ್ಟರು. ಹಾಗೇಕೆ ಕೆಂಪಾಯಿತೆಂದು ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು, ಓಡಿದೆ. ಆ ಸಂಜೆ ಮೈಕ್ ಹಾಡಿತು. ನನ್ನ ಕೆಲಸ ನೆಲೆಯೂರಿದ್ದೇ ಅಲ್ಲಿಂದ.

ಗಾಜು ಕೂಡಿಸಿದ ಮೆಕ್ಯಾನಿಕ್‌ಗೆ ಗಾಜಿನೊಳಗಿನ ತೆಳು ಲೇಪದ ವಿಷಯ ಗೊತ್ತಿತ್ತು, ಅರಿಶಿಣದ್ದು ಗೊತ್ತಿರಲಿಲ್ಲ. ತಡೆಯದೆ, ಕಾಕಾನನ್ನೇ ಕೇಳೋಣವೆಂದು ಹೋದ ವಾರ ಮೂಡಲಗಿಗೆ ಹೋದೆ. ಕಾಕಾ ತೀರಿಕೊಂಡು ಎಷ್ಟೋ ವರ್ಷವಾಗಿತ್ತು... ಅವರ ಮಗಳು ಚಹಾ ಕೊಡುತ್ತ ಹೇಳಿದರು: “ಎಲ್ಲಾರೂ ಕೆಲಸ ಮುಗಿಸ್ಕೊಂಡ ಹೊಕ್ಕಾರ, ಯಾಕ ಅಂತ ಒಬ್ಬರೂ ಕೇಳಂಗಿಲ್ಲ ಅಂತಿದ್ರರಿ ಅಪ್ಪಾ.”

ಇಂಥ ಗಾಜು ಕೊಳ್ಳುವವರು ದುಡ್ಡು ಕೊಡುವ ಮೊದಲು ಹತ್ತು ಸಲ ಬಣ್ಣ ಬರಿಸಿ, ಹೋಗಿಸಿ ನೋಡಿ. ಕೆಲಸ ಬಲ್ಲವರು ಎದುರಿಗೆ ಸಿಕ್ಕರೆ ಮಾತ್ರ ಅವಸರ ಮಾಡಬೇಡಿ. ಹೋಗುವ ಬಸ್ಸು ಹೋಗಲಿ. ಹಾಗೇಕೆ ಎಂದು ಕೂತು ಕೇಳಿಕೊಳ್ಳಿ.