ಗಾಜಿನ ಪೆಟ್ಟಿಗೆಯಲ್ಲಿ ಅಡ್ಡ ಮಲಗಿದ್ದ ಕೂಸು

ನನ್ನ ತಂಗಿ ಸತ್ತದ್ದು ಹಣೆಬರಹದಿಂದಲ್ಲ, ನಾನು ಬಾಯಿ ಬಿಡದೆ ಇದ್ದುದರಿಂದ. ಮನೆಯವರೆಲ್ಲ ದೇವರ ಮೇಲೆ ಹಾಕಿದರು. ನಾನು ಹಾಕುವುದಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಸೊರಬದ ಕಡೆಯ ಒಂದೇ ಮನೆಗೆ ನಮ್ಮಿಬ್ಬರನ್ನೂ ಕೊಟ್ಟಿದ್ದರು, ಅಣ್ಣನಿಗೆ ನಾನು, ತಮ್ಮನಿಗೆ ಅವಳು. ಅವಳು ಎರಡನೆಯದಕ್ಕೆ ಏಳು ತಿಂಗಳ ಬಸುರಿ. ನಾವು ಶಿರಾಳಕೊಪ್ಪದ ಸಂತೆಗೆ ಹೋದ ದಿನ ಅಲ್ಲಿನ ಶಾಲೆಯಲ್ಲಿ ಹೆಂಗಸರ ಆರೋಗ್ಯದ ವಸ್ತುಪ್ರದರ್ಶನ ಇಟ್ಟಿದ್ದರು. ಬಸುರಿ ಅಂಥದ್ದನ್ನು ನೋಡಬಾರದೆಂದು ಅತ್ತೆ ಅವಳನ್ನು ಹೊರಗೇ ನಿಲ್ಲಿಸಿದರು. ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಒಳಗೆ ಹೋದೆ.

ಗಾಜಿನ ಪೆಟ್ಟಿಗೆಗಳಲ್ಲಿ ಸುಣ್ಣದಲ್ಲಿ ಮಾಡಿದ ಬಸುರಿಯರ ಹೊಟ್ಟೆಗಳು, ಒಳಗೆ ಕೂಸುಗಳು. ಒಂದರಲ್ಲಿ ಕೂಸು ಅಡ್ಡ ಮಲಗಿತ್ತು, ಕೈ ಮಾತ್ರ ಹೊರಗೆ.

"ಹಿಂಗೆ ಕೈ ಕಂಡ್ರೆ ಎಳೀಬ್ಯಾಡ್ರಿ. ಗಾಡಿ ಕಟ್ಟಿಸಿ ಆಸ್ಪತ್ರೆಗೆ ತರ್ರಿ," ಎಂದಳು ನರ್ಸಮ್ಮ.

"ನಮಗ್ಯಾಕೆ ಹೇಳ್ತೀರಿ ತಾಯೀ? ಗಾಡಿ ಕಟ್ಟೋರನ್ನ ಒಳಗೆ ಬಿಡ್ರಿ!" ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊರಗೆ ತಂಗಿ ಕೇಳಿದಳು, "ಎಂತ ಇತ್ತೇ ಅಕ್ಕ?"

"ಎಂತದೂ ಇಲ್ಲ. ಗೊಂಬೆ."

ದಿನ ತುಂಬಿತು. ಬೆಳಗಿನ ಹೊತ್ತು ನೋವು ಶುರುವಾಗಿ ಮಧ್ಯಾಹ್ನಕ್ಕೆ ಕೈ ಬಂತು. ಸೂಲಗಿತ್ತಿ ಹಿಡಿದಳು. ನಾನು ಅತ್ತೆಯ ಕಿವಿಯಲ್ಲಿ, "ಆಸ್ಪತ್ರೆಗೆ ಹೋಗನ," ಎಂದೆ.

"ಜಗಲಿ ಮೇಲೆ ನಿಮ್ಮ ಮಾವ ಕೂತಿದಾರೆ. ಎಂತ ಬಂತು ಅಂತ ಹೇಳ್ತೀಯೇ ಅವರಿಗೆ? ನಾಚಿಕೆ ಇಲ್ವಾ?"

ನನಗೆ ನಾಚಿಕೆ ಇತ್ತು. ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ, ಸೂಲಗಿತ್ತಿ ಎಳೆಯುವಾಗ ತಂಗಿಯ ಹೆಗಲು ಒತ್ತಿ ಹಿಡಿದವಳೂ ನಾನೇ. "ಸಾಕು ಮಾಡ್ರೇ ಅಕ್ಕ," ಅನ್ನುತ್ತಿದ್ದಳು. ದನ ಮನೆಗೆ ಬರುವ ಹೊತ್ತಿಗೆ ಅವಳೂ ಇಲ್ಲ, ಕೂಸೂ ಇಲ್ಲ. ಸೂಲಗಿತ್ತಿಯನ್ನು ನಾನು ಬೈಯುವುದಿಲ್ಲ. ಅವಳು ಆ ಪೆಟ್ಟಿಗೆ ನೋಡಿರಲಿಲ್ಲ. ನಾನು ನೋಡಿದ್ದೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ಹೋದೆ. ಅವರ ಸೊಸೆಯೂ ಎಂಟು ತಿಂಗಳ ಬಸುರಿ. ಸೂತಕದವಳೆಂದು ಅಂಗಳದಲ್ಲೇ ನಿಂತೆ. ಜಗಲಿಯಲ್ಲಿ ಆ ಮನೆಯ ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಲ್ಲಿಯವರೆಗೆ ಅವರೆದುರು ನಾನು ಬಾಯಿ ತೆರೆದವಳಲ್ಲ.

"ನಿಮ್ಮ ಸೊಸೆಗೆ ಕೂಸಿನ ಕೈ ಮೊದಲು ಬಂದ್ರೆ ಎಳಿಯಕ್ಕೆ ಬಿಡ್ಬೇಡಿ. ಗಾಡಿ ಕಟ್ಟಿ," ಎಂದೆ.

ಅವರು ಎಲೆ ಕೆಳಗಿಟ್ಟು ಎದ್ದು ಒಳಗೆ ಹೋದರು. ಒಳಗೆ ಕೇಳಲೆಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.