ಒರೆಸುವ ಮುನ್ನ ಒಂದು ಪಟ

ಚಳಿಗಾಲದಲ್ಲಿ ಬಸ್ ಡಿಪೋದ ಬೆಳಗು ಗೊರಕೆಯಿಂದ ಶುರುವಾಗುತ್ತದೆ. ರಾತ್ರಿ ತಂಗಿದ ಬಸ್ಸುಗಳ ಒಳಗೆ ಚಾಲಕರು, ಕಂಡಕ್ಟರುಗಳು ಕಂಬಳಿ ಹೊದ್ದು ಸೀಟಿನ ಮೇಲೆ ಮುದುರಿ ಮಲಗಿದ್ದಾರೆ. ಅವರು ಬಿಟ್ಟ ಉಸಿರೆಲ್ಲ ಕಿಟಕಿ ಗಾಜಿನ ಒಳಮೈಗೆ ಬೆಳ್ಳಗೆ ಕೂತಿದೆ. ಒಂದು ಕೈಯಲ್ಲಿ ಬಕೆಟ್ಟು, ಹೆಗಲ ಮೇಲೆ ಹಳೇ ಬನಿಯನ್ನಿನ ತುಂಡು, ಮೈಮೇಲೆ ಮೊಣಕಾಲಿನವರೆಗೆ ಇಳಿಯುವ ಗಂಡನ ಸ್ವೆಟರು. ಡಿಪೋಗೆಲ್ಲ ಚಿಕ್ಕಮ್ಮನಾದ ಈಕೆ ಮೆಟ್ಟಿಲು ಹತ್ತುತ್ತಲೇ ಕೂಗುತ್ತಾರೆ. "ಏಳ್ರಪ್ಪಾ, ಏಳ್ರೋ! ನಿಮ್ಮ ಗೊರಕೆಗೆ ಬಸ್ಸೇ ಸ್ಟಾರ್ಟ್ ಆಗೋ ಹಾಗಿದೆ!"

ಮೊದಲ ಟ್ರಿಪ್ಪು ಹೊರಡುವ ಮೊದಲು ಒಳಗಿನ ಗಾಜು, ಸೀಟು, ಕಂಬಿ ಎಲ್ಲ ಒಣಗಿರಬೇಕು. ಅದೇ ಚಿಕ್ಕಮ್ಮನ ಕೆಲಸ. ಕೈಗೆ ಬಂದ ಮೊದಲ ಗಾಜಿನ ಮುಂದೆ ನಿಂತು ಬಟ್ಟೆ ಎತ್ತುತ್ತಾರೆ, ಇದ್ದಕ್ಕಿದ್ದಂತೆ ಇಳಿಸುತ್ತಾರೆ. ಯಾರೋ ನಿದ್ದೆಗಣ್ಣಲ್ಲಿ ಹಣೆ ಒರಗಿಸಿದ್ದ ಜಾಗ ಗುಂಡಗೆ ಸ್ವಚ್ಛವಾಗಿದೆ. ಅದರ ಕೆಳಗೆ ನೀರಿನ ಒಂದೇ ಗೆರೆ ಇಳಿದಿದೆ. ಹೊರಗಿನ ದೀಪ ಆ ಗೆರೆಯಲ್ಲಿ ಹಳದಿಯಾಗಿ ನಡುಗುತ್ತಿದೆ. "ಅಯ್ಯೋ, ಎಷ್ಟು ಚೆನ್ನಾಗಿದೆ ನೋಡಿ" ಎನ್ನುತ್ತಾ ಕತ್ತು ವಾಲಿಸಿ ನೋಡುತ್ತಾರೆ. ಹೋದ ತಿಂಗಳವರೆಗೆ ಆಗಿದ್ದರೆ ಇಷ್ಟು ಹೊತ್ತಿಗೆ ಸ್ವೆಟರಿನ ಜೇಬಿನಿಂದ ಫೋನ್ ಹೊರಗೆ ಬಂದಿರುತ್ತಿತ್ತು. ಈಗ ಫೋನು ಗೇಟಿನ ಕಾವಲುಗಾರನ ಮೇಜಿನ ಮೇಲಿದೆ. ಚಿಕ್ಕಮ್ಮ ಇನ್ನೊಮ್ಮೆ ನೋಡಿ, ಒರೆಸಿ, ಮುಂದಿನ ಕಿಟಕಿಗೆ ಸರಿಯುತ್ತಾರೆ.

ಈ ಫೋಟೋದ ಹುಚ್ಚು ಹಿಡಿದದ್ದು ಅಕ್ಕನಿಂದ. ಅಮ್ಮ ಬೇಗ ಹೋದಮೇಲೆ ಚಿಕ್ಕಮ್ಮನನ್ನು ಸಾಕಿ ಬೆಳೆಸಿದವರು ಅಕ್ಕ. ಈ ಡಿಪೋದಲ್ಲಿ ಇದೇ ಕೆಲಸ ಮಾಡಿದವರೂ ಅವರೇ. ದೂಳು, ಥಂಡಿ, ಡೀಸೆಲ್ ಹೊಗೆ ಎಲ್ಲ ಸೇರಿ ಎದೆ ಹಿಡಿದುಕೊಂಡ ಮೇಲೆ ಬಟ್ಟೆ, ಬಕೆಟ್ಟು ತಂಗಿಯ ಕೈಗೆ ಬಂದವು. ಈಗ ಚಳಿ ಬಿತ್ತೆಂದರೆ ಅಕ್ಕ ಹೊಸ್ತಿಲು ದಾಟುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ.

"ಹೋದ ಚಳಿಗಾಲ ನನ್ನಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಲು. ಊಟ ಅಂದ್ರೆ ಬೇಡ, ಮಾತು ಅಂದ್ರೆ ಬೇಡ" ಎನ್ನುತ್ತಾರೆ ಚಿಕ್ಕಮ್ಮ. "ಎದೆ ನೋವಿಗೆ ಮಾತ್ರೆ ಇದೆ. ಬೇಜಾರಿಗೆ ಎಲ್ಲಿಂದ ತರ್ಲಿ? ಒಂದಿನ ಕಂಡಕ್ಟರೊಬ್ಬ ಬಾಯಿ ಬಿಟ್ಕೊಂಡು ಮಲಗಿದ್ದ. ಮಂಜು ಹಿಡಿದ ಗಾಜಿನ ಹಿಂದೆ ಅವನ ಮುಖ ನೀರಲ್ಲಿರೋ ಮೀನಿನ ಥರಾ ಕಾಣ್ತಿತ್ತು. ಅದನ್ನ ಹಿಡ್ಕೊಂಡು ಹೋಗಿ ತೋರಿಸ್ದೆ. ಅಕ್ಕ ನಕ್ಕಳು ಕಣ್ರೀ! ನಕ್ಕು ನಕ್ಕು ಕೆಮ್ಮಿದ್ಲು, ಕೆಮ್ಮಿ ಮುಗಿಸಿ 'ನಾಳೆನೂ ತಾ' ಅಂದ್ಲು."

ಅಂದಿನಿಂದ ದಿನಾ ಒಂದು. ಒದ್ದೆ ಕಂಬಿಗೆ ನೇತುಬಿದ್ದ ಹನಿಗಳ ಸಾಲು. ಹಿಂದಿನ ಸೀಟಿನಲ್ಲಿ ಮಗುವೊಂದು ಮರೆತುಹೋದ ಒಂಟಿ ಕೈಗವಸು. ಟೀ ಲೋಟದ ಆವಿಯಲ್ಲಿ ಅರ್ಧ ಕರಗಿದ ಚಾಲಕನ ಮೀಸೆ. ಅಕ್ಕನೋ, ಮೊಸರಲ್ಲಿ ಕಲ್ಲು ಹುಡುಕುವ ಜಾತಿ. "ಇದೇನೇ ಇದು, ಗಾಜಿಗಿಂತ ನಿನ್ನ ಹೆಬ್ಬೆರಳೇ ಚೆನ್ನಾಗಿ ಬಂದಿದೆ!" ಎಂದು ಬೈಯುತ್ತಲೇ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು. ಚಿಕ್ಕಮ್ಮನಿಗೆ ಅದೇ ದೊಡ್ಡ ಬಹುಮಾನ.

ಕಷ್ಟವೊಂದೇ, ಕೈಯ ಅಭ್ಯಾಸ. "ಚೆನ್ನಾಗಿದೆ ಅಂತ ಮನಸ್ಸು ಹೇಳೋಷ್ಟರಲ್ಲಿ ಈ ಹಾಳು ಕೈ ಒರೆಸಿಯೇ ಬಿಟ್ಟಿರುತ್ತೆ. ಎಷ್ಟು ಪಟ ಹಾಗೇ ಬಕೆಟ್ಟಿಗೆ ಹೋದ್ವೋ!"

ಕೈಯನ್ನು ತಡೆಯಲು ಕಲಿತದ್ದೇ ಮುಳುವಾಯಿತು. ಹೋದ ತಿಂಗಳು ಒಂದು ಬಸ್ಸಿನಲ್ಲಿ ಚಾಲಕನ ಪಕ್ಕದ ಗಾಜಿನ ಮೇಲೆ ಯಾರದೋ ಅಂಗೈ ಗುರುತಿತ್ತು. ಐದೂ ಬೆರಳಿನಿಂದ ನೀರು ಇಳಿದಿತ್ತು. ಇನ್ನೊಂಚೂರು ಬೆಳಕಾಗಲಿ, ಆಮೇಲೆ ಫೋಟೋ ತೆಗೆದು ಒರೆಸೋಣ ಎಂದುಕೊಂಡ ಚಿಕ್ಕಮ್ಮ ಪಕ್ಕದ ಬಸ್ಸಿಗೆ ಹೋದರು, ಹೋದವರು ಮರೆತರು. ಬಸ್ಸು ಹೊರಟಿತು. ಮಂಜು ಹಿಡಿದ ಗಾಜಿನಾಚೆ ಹೊರಗನ್ನಡಿ ಚಾಲಕನಿಗೆ ಕಾಣಲಿಲ್ಲ. ಗೇಟಿನ ಕಂಬಕ್ಕೆ ಉಜ್ಜಿ ಕನ್ನಡಿ ಪುಡಿಪುಡಿಯಾಯಿತು.

ಆ ಚಾಲಕನ ಅಡ್ಡಹೆಸರು ಗುಡುಗು. ಹಾರ್ನಿಗಿಂತ ಗಂಟಲು ಜೋರು, ಮೂಗಿನ ತುದಿಯಲ್ಲೇ ಕೋಪ. ಅವತ್ತು ಡಿಪೋದ ತಗಡಿನ ಮಾಡು ಹಾರಿಹೋಗುವಂತೆ ಕೂಗಾಡಿದ. ಮೇಲ್ವಿಚಾರಕರು ಬಂದರು, ನೋಡಿದರು, ಒಂದೇ ಮಾತು ಹೇಳಿದರು. ಗಾಜು ಒರೆಸುವವರು ಇನ್ನುಮುಂದೆ ಫೋನನ್ನು ಗೇಟಿನಲ್ಲೇ ಬಿಟ್ಟು ಬರಬೇಕು, ಬಿಸಿಲು ಬಂದಮೇಲೆ ತೆಗೆದುಕೊಳ್ಳಬಹುದು.

"ಅವರದೇನೂ ತಪ್ಪಿಲ್ಲ" ಎನ್ನುವಾಗ ಚಿಕ್ಕಮ್ಮನ ದನಿ ಇಳಿಯುತ್ತದೆ. "ಕಂಬದ ಜಾಗದಲ್ಲಿ ಮನುಷ್ಯ ಇದ್ದಿದ್ರೆ? ಆದ್ರೆ ಬಿಸಿಲು ಬಂದ್ಮೇಲೆ ಗಾಜಿನ ಮೇಲೆ ಏನಿರುತ್ತೆ, ನೀವೇ ಹೇಳಿ."

ಮನೆಗೆ ಬರಿಗೈಯಲ್ಲಿ ಹೋದ ಮೊದಲ ದಿನ ಅಕ್ಕ ಫೋನಿಗಾಗಿ ಕೈ ಚಾಚಿ, ಹಾಗೇ ಇಳಿಸಿದರು. ಎರಡನೇ ದಿನ "ಇವತ್ತೂ ಇಲ್ವಾ?" ಎಂದರು. ಚಿಕ್ಕಮ್ಮ ಬಾಯಲ್ಲೇ ವರ್ಣಿಸಲು ನೋಡಿದರು. "ಪಟ ಕೇಳಿದ್ರೆ ಕಥೆ ಹೇಳ್ತೀಯಲ್ಲೇ" ಎಂದು ಅಕ್ಕ ಗೋಡೆಯ ಕಡೆ ಹೊರಳಿದರು. ಒಂದು ವಾರ ಕಳೆಯುವುದರಲ್ಲಿ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಚಿಕ್ಕಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಅತ್ತದ್ದನ್ನು ಕಂಡಕ್ಟರುಗಳು ನೋಡಿದರು. ವಿಷಯ ಡಿಪೋ ತುಂಬ ಹಬ್ಬಿತು.

ಆಮೇಲೆ ಶುರುವಾಯಿತು ನೋಡಿ ತಮಾಷೆ! ಚಾಲಕರು, ಕಂಡಕ್ಟರುಗಳು ಎಲ್ಲರೂ ಫೋಟೋಗ್ರಾಫರುಗಳು. ತಮ್ಮ ಫೋನಿನಲ್ಲಿ ತೆಗೆದು ಚಿಕ್ಕಮ್ಮನ ಫೋನಿಗೆ ಕಳಿಸುವುದೇ ಕಳಿಸುವುದು. ಒಬ್ಬ ಕಪ್ಪು ಕನ್ನಡಕ ಹಾಕಿ ತನ್ನದೇ ಫೋಟೋ ಕಳಿಸಿದ. ಇನ್ನೊಬ್ಬ ಹೊಸ ಟೈರಿನದು. ಅಕ್ಕ ಎದ್ದು ಕೂತು ಒಂದೊಂದಕ್ಕೂ ಮಂಗಳಾರತಿ ಮಾಡಿದರು. "ಮೂತಿ ತೋರಿಸೋಕೆ ನಾನೇನು ಹೆಣ್ಣು ಕೊಡ್ತೀನಾ ಇವನಿಗೆ? ದೀಪಕ್ಕೆ ಬೆನ್ನು ಹಾಕಬೇಡ ಅಂತ ಹೇಳೇ ಅವನಿಗೆ!" ಬೈಗುಳವನ್ನು ಚಿಕ್ಕಮ್ಮ ಚಾಚೂ ತಪ್ಪದೆ ತಲುಪಿಸುತ್ತಾರೆ. ಬೈಸಿಕೊಂಡವರು ಮರುದಿನ ಇನ್ನೂ ಹುರುಪಿನಿಂದ ತೆಗೆಯುತ್ತಾರೆ.

ಗುಡುಗು ಮಾತ್ರ ಈ ಗುಂಪಿಗೆ ಸೇರಿರಲಿಲ್ಲ. ಚಿಕ್ಕಮ್ಮನ ಮುಖ ನೋಡುವುದನ್ನೂ ಬಿಟ್ಟಿದ್ದ. ಹೋದ ವಾರ ಒಂದು ಬೆಳಗ್ಗೆ ಹತ್ತಿರ ಬಂದು ತಲೆ ಕೆರೆದುಕೊಳ್ಳುತ್ತಾ ನಿಂತ. "ಒಂದು ಕಳಿಸಿದೀನಿ ಚಿಕ್ಕಮ್ಮ. ಚೆನ್ನಾಗಿಲ್ಲದಿದ್ರೆ ಅಳಿಸಿಬಿಡಿ" ಎಂದು ಹೇಳಿದವನೇ ಬಸ್ಸು ಹತ್ತಿದ. ಅವನ ಬಾಯಿಂದ ಅಷ್ಟು ಮೆಲ್ಲಗಿನ ಮಾತನ್ನು ಯಾರೂ ಕೇಳಿರಲಿಲ್ಲ.

ಅವನು ಅದನ್ನು ತೆಗೆದದ್ದು ಬಸ್ಸಿನ ಹೊರಗಿನಿಂದ. ಗಾಜೆಲ್ಲ ಬಿಳಿ. ನಡುವೆ ಬಟ್ಟೆ ಹಾದುಹೋದ ಒಂದು ಕಮಾನು. ಆ ಕಮಾನಿನೊಳಗೆ ಚಿಕ್ಕಮ್ಮನ ಮುಖ, ಎತ್ತಿದ ಕೈ, ಚಳಿಗೆ ಕೆಂಪಾದ ಮೂಗು. ಇಷ್ಟು ದಿನ ತೆಗೆದ ಪಟಗಳಲ್ಲಿ ಎಲ್ಲಿಯೂ ಇಲ್ಲದ ಹೆಂಗಸು ಅಲ್ಲಿ ನಿಂತಿದ್ದಾಳೆ, ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂಬ ಅರಿವಿಲ್ಲದೆ ಮಗ್ನಳಾಗಿ.

ಅಕ್ಕ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಬೈಗುಳ ಹೊರಡಲಿಲ್ಲ. "ನನ್ನ ಜಾಗ ಕಣೇ ಇದು" ಎಂದರು ಕೊನೆಗೆ. "ನಾನು ಬಿಟ್ಟುಬಂದಾಗ ಹಾಳು ಬೀಳುತ್ತೆ ಅಂದ್ಕೊಂಡಿದ್ದೆ. ಎಷ್ಟು ಚೆಂದಕ್ಕೆ ನಿಂತಿದೀಯಲ್ಲೇ, ನನ್ನ ಕೂಸೇ." ಚಿಕ್ಕಮ್ಮನ ಕಣ್ಣಲ್ಲಿ ನೀರು. ಅಷ್ಟರಲ್ಲಿ ಅಕ್ಕನ ಬೆರಳು ಫೋನಿನ ಮೇಲೆ ಒಂದು ಕಡೆ ನಿಂತಿತು. "ಅಲ್ಲಾ, ಈ ಮೂಲೆ ಯಾರು ಒರೆಸ್ತಾರೆ? ನಮ್ಮ ತಾತನಾ?"

ಮಾರನೆಯ ದಿನ ಗುಡುಗಿಗೆ ಅಕ್ಕನಿಂದ ಹೋದ ಸಂದೇಶ "ಪರವಾಗಿಲ್ಲ, ಕಣ್ಣಿದೆ" ಎಂದು. ಅದನ್ನು ಅವನು ಡಿಪೋ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ, ತನ್ನ ಮಾಮೂಲಿ ಗಂಟಲಿನಲ್ಲಿ. ಅಕ್ಕ ಈಗ ಬಿಸಿ ಅನ್ನ ಕೇಳಿ ಹಾಕಿಸಿಕೊಳ್ಳುತ್ತಾರೆ.

ಈ ಫೋಟೋಗಳನ್ನು ಎಲ್ಲಾದರೂ ಪ್ರದರ್ಶನಕ್ಕಿಡುವ ಆಸೆ ಇದೆಯೇ ಎಂದರೆ ಚಿಕ್ಕಮ್ಮ ಬಕೆಟ್ಟಿನ ನೀರು ಚೆಲ್ಲುತ್ತಾ ನಗುತ್ತಾರೆ. "ಅಯ್ಯೋ ಬಿಡ್ತು ಅನ್ನಿ! ಚಳಿ ಕಳೀಲಿ, ಅಕ್ಕನ್ನ ಮೊದಲನೇ ಬಸ್ಸಲ್ಲಿ ಕಿಟಕಿ ಪಕ್ಕ ಕೂರಿಸಿ ಒಂದು ಸುತ್ತು ಊರು ತೋರಿಸಬೇಕು, ಅಷ್ಟೇ. ಆ ಗಾಜು ನಾನೇ ಒರೆಸಿರ್ತೀನಿ. ನಾಲ್ಕೂ ಮೂಲೆ."