ಯಮುನಮ್ಮನ ಏಳುಸುತ್ತಿನ ಮಲ್ಲಿಗೆ

ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ಹೋಗುವ ಬಸ್ಸಿನಲ್ಲಿ ಕೂತವರು ಏಪ್ರಿಲ್ ಬಂತೆಂದರೆ ಒಂದು ತಿರುವಿನಲ್ಲಿ ತಪ್ಪದೆ ಕತ್ತು ಚಾಚುತ್ತಾರೆ. ಅದು ಯಮುನಮ್ಮನ ಅಂಗಳ. ಊರೆಲ್ಲ ಬಿಸಿಲಿಗೆ ಬಾಡಿ ಕೂತಿರುವಾಗ ಅಲ್ಲಿ ಜೀನಿಯಾ ಏನು, ಕನಕಾಂಬರ ಏನು, ಬೇಲಿಗಿಂತ ಎತ್ತರದ ಸೂರ್ಯಕಾಂತಿ ಏನು! ಅಕ್ಕಿ ತೊಳೆದ ನೀರೂ ಗಿಡಕ್ಕೇ, ಕೈ ತೊಳೆದ ನೀರೂ ಗಿಡಕ್ಕೇ. "ನಾವು ನೀರು ಕುಡಿದ್ರೂ ಅಮ್ಮಂಗೆ ಹೊಟ್ಟೆ ಉರಿ" ಎಂದು ಮಗ ರಾಜೇಂದ್ರ ನಗುತ್ತಾನೆ.

ಗುಟ್ಟೇನೂ ಅಲ್ಲ, ಆ ತೋಟದ ಅರ್ಧ ಗಿಡ ಕದ್ದದ್ದೇ. ಮದುವೆಗೆ ಹೋದಲ್ಲಿ, ಗೃಹಪ್ರವೇಶಕ್ಕೆ ಹೋದಲ್ಲಿ, ಊಟಕ್ಕಿಂತ ಮೊದಲು ಹಿತ್ತಲಿಗೆ ಒಂದು ಸುತ್ತು. ಬರುವಾಗ ಸೆರಗಿನೊಳಗೆ ಗಿಡದಿಂದ ಮುರಿದ ಒಂದು ಗೆಲ್ಲು. "ಕೇಳಿ ತಂದ ಗಿಡ ಹತ್ತಲ್ಲ ಕಣೇ, ಕದ್ದದ್ದೇ ಹತ್ತೋದು" ಎಂದು ಸೊಸೆ ಕಾವ್ಯಾಳಿಗೆ ಪಾಠ ಬೇರೆ!

ಆದರೆ ಅವಳ ಜೀವ ಇದ್ದದ್ದು ಬಾವಿಕಟ್ಟೆಯ ಪಕ್ಕದ ಏಳುಸುತ್ತಿನ ಮಲ್ಲಿಗೆಯಲ್ಲಿ. ಮದುವೆಯಾಗಿ ಬರುವಾಗ ಮೇಗರವಳ್ಳಿಯ ತವರಿನಿಂದ ಅವ್ವ ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟ ಗಿಡ. ಅವ್ವ ಈಗಿಲ್ಲ, ತವರಿನ ಹಿತ್ತಲಲ್ಲೂ ಆ ಗಿಡ ಉಳಿದಿಲ್ಲ. ಅದರ ಗೆಲ್ಲು ಕೇಳಿದವರಿಗೆ ಒಂದೇ ಉತ್ತರ: "ಹೂ ಕೇಳು, ಮಡಿಲು ತುಂಬ ಕೊಡ್ತೀನಿ. ಗಿಡ ಕೇಳ್ಬೇಡ ಮಾರಾಯ್ತಿ." ಕೆಳಕೇರಿಯ ಪುಷ್ಪಮ್ಮ ಕೇಳಿ ಕೇಳಿ ಸೋತು ಕೊನೆಗೆ ಕೇಳುವುದನ್ನೇ ಬಿಟ್ಟಳು. ಅಷ್ಟು ಸುಲಭಕ್ಕೆ ಸುಮ್ಮನಾದಳಲ್ಲ, ಆಗಲೇ ಅನುಮಾನ ಬರಬೇಕಿತ್ತು!

ಈ ವರ್ಷ ಮಲ್ಲಿಗೆಯಲ್ಲಿ ಎಲೆಗಿಂತ ಮೊಗ್ಗೇ ಹೆಚ್ಚು. ಯಮುನಮ್ಮನಿಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನಲ್ಲೇ ಎಡವಟ್ಟಾಯಿತು. ಬೇರಿಗೆ ತಂಪಾಗಲೆಂದು ಬುಡಕ್ಕೆ ದರಗೆಲೆ ಒಟ್ಟಿದ್ದಳು. ಹೂ ಇನ್ನೂ ದಪ್ಪ ಬರಲೆಂದು ಅದರ ಮೇಲೆ ಬಚ್ಚಲೊಲೆಯ ಬೂದಿ ಸುರಿದು ಸಂತೆಗೆ ನಡೆದಳು. ಬೂದಿಯೊಳಗೆ ಕೆಂಡವಿತ್ತು. ಒಣಗಿದ ಎಲೆ ಹತ್ತಿಕೊಳ್ಳಲು ಎಷ್ಟು ಹೊತ್ತು? ಹೊಗೆ ಕಂಡು ಕಾವ್ಯಾ ಕೊಡಪಾನ ಹಿಡಿದು ಓಡುವಷ್ಟರಲ್ಲಿ ಗಿಡ ಕರಿಕಡ್ಡಿಯಾಗಿತ್ತು.

"ಅವ್ವನ ಗಿಡಾನ ನಾನೇ ಸುಟ್ನಲ್ಲೇ!" ಎಂದು ಯಮುನಮ್ಮ ಬಾವಿಕಟ್ಟೆಯ ಮೇಲೆ ಕುಸಿದು ಗಳಗಳ ಅತ್ತಳು. ದಿನಾ ನೀರು ಹೊಯ್ದರೂ ಬುಡ ಚಿಗುರಲಿಲ್ಲ.

"ನರ್ಸರಿಯಿಂದ ಬೇರೆ ತರ್ತೀನಿ ಬಿಡಮ್ಮ" ಎಂದ ರಾಜೇಂದ್ರ.

"ನಮ್ಮವ್ವನ್ನೂ ನರ್ಸರಿಯಿಂದ ತರ್ತೀಯಾ?"

ಅವನು ಕೊಡಪಾನ ತುಂಬಿ ತಂದು ಕರಿಬುಡಕ್ಕೆ ಹೊಯ್ದ.

ಒಂದು ಸಂಜೆ ಹಾಲಿಗೆ ಹೆಪ್ಪು ಇಲ್ಲವೆಂದು ಯಮುನಮ್ಮ ಲೋಟ ಹಿಡಿದು ಪುಷ್ಪಮ್ಮನ ಹಿತ್ತಲಿನಿಂದ ಒಳಗೆ ಹೊರಟಳು. ಘಮ್ಮೆಂದಿತು! ಕಾಲು ನಿಂತೇಹೋಯಿತು. ಈ ವಾಸನೆ ಅವಳಿಗೆ ಗೊತ್ತಿಲ್ಲವೇ? ಮೂಗು ಹೇಳಿದತ್ತ ನಡೆದರೆ, ಕೊಟ್ಟಿಗೆಯ ಹಿಂದೆ, ಹಳೇ ಸೀರೆಯ ಮರೆಯಲ್ಲಿ, ಏಳುಸುತ್ತಿನ ಮಲ್ಲಿಗೆ! ಅದೇ ದಪ್ಪ ಮೊಗ್ಗು, ಅದೇ ಸುತ್ತಿನ ಮೇಲೆ ಸುತ್ತು.

"ಏಯ್ ಕಳ್ಳೀ!"

ಪುಷ್ಪಮ್ಮ ಓಡಿಬಂದು ಎದುರಿಗೆ ನಿಂತಳು. ಮುಖ ಬಿಳಿಚಿಕೊಂಡಿತ್ತು. "ಬಯ್ರಿ ಯಮುನಕ್ಕ. ಹೋದ್ವರ್ಷ ಮಳೆಗಾಲ್ದಲ್ಲಿ ನೀವು ಸಂತೆಗೆ ಹೋದಾಗ ಒಂದು ಗೆಲ್ಲು ಮುರ್ಕಂಡ್ ಬಂದಿದ್ದೆ. ನಿಮ್ಮದು ಸುಟ್ಟಿದ್ದು ಗೊತ್ತಾದಾಗಿಂದ ಹೇಳ್ಬೇಕು ಅಂತಿದ್ದೆ, ಹೆದರಿಕೆ ಆಯ್ತು."

ಯಮುನಮ್ಮನ ಬಾಯಿಗೆ ಬಂದ ಬೈಗುಳ ಎಲ್ಲಿ ಹೋಯಿತೋ! ಲೋಟ ಬಿಸಾಡಿ ಪುಷ್ಪಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡಳು. "ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು ಕಣೇ! ನಮ್ಮವ್ವನ್ನ ಉಳ್ಸಿದ್ಯಲ್ಲೇ!" ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಪುಷ್ಪಮ್ಮನಿಗೆ ಹೋದ ಜೀವ ಬಂದಂತಾಯಿತು. ನೆಲಕ್ಕೆ ಬಾಗಿ ತಾನೇ ಬೇರುಬಿಟ್ಟಿದ್ದ ಒಂದು ಗೆಲ್ಲನ್ನು ತೋರಿಸಿ, "ಇದನ್ನ ಈಗ್ಲೇ ಕಿತ್ತು ಕೊಡ್ತೀನಿ, ತಗೊಂಡ್ ಹೋಗ್ರಿ" ಎಂದು ಬಗ್ಗಿದಳು.

"ಮುಟ್ಬೇಡ!" ಯಮುನಮ್ಮ ಅವಳ ಕೈ ಹಿಡಿದಳು. "ಕೊಟ್ಟ ಗಿಡ ಹತ್ತಲ್ಲ ಅಂತ ಗೊತ್ತಿಲ್ವಾ? ಒಳಗೆ ಹೋಗಿ ಕಾಫಿ ಮಾಡು. ನಿಧಾನಕ್ಕೆ ಮಾಡು."

ಪುಷ್ಪಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಯಮುನಮ್ಮ ಆಚೀಚೆ ನೋಡಿ, ಕುಕ್ಕರುಗಾಲಲ್ಲಿ ಕೂತು, ಬರಿಗೈಯಲ್ಲಿ ಮಣ್ಣು ಬಗೆಯತೊಡಗಿದಳು. ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆಗಳು ಢಣಢಣ ಎನ್ನುತ್ತಿದ್ದವು.

ಬೇರು ಮಣ್ಣುಸಮೇತ ಸೆರಗಿನೊಳಗೆ ಸೇರಿದ ಮೇಲೆ ಯಮುನಮ್ಮ ಕೂಗಿದಳು, "ಕಾಫಿ ಆಯ್ತೇನೇ?"

"ಇನ್ನೂ ಹಾಲೇ ಉಕ್ಕಿಲ್ಲ ಯಮುನಕ್ಕ, ಇನ್ನೊಂದು ಬೇಕಿದ್ರೂ ಕದೀರಿ!"